ನೀರಿಗೂ ಹೆಪ್ಪು

ಬನಹಟ್ಟಿಯ ಮಗ್ಗದ ಸದ್ದಿನ ಓಣಿಯಲ್ಲಿ ಪ್ರತಿಮಾಳ ಮನೆ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿತ್ತು, ಕಲ್ಲುಗಳಿದ್ದವು, ಮೀನು ಮಾತ್ರ ಇರಲಿಲ್ಲ.

“ಏನವಾ, ನೀರ ಸಾಕೀರೇನ?” ಎಂದು ನೆರೆಮನೆಯ ಅನಸವ್ವ ಬಂದಾಗಲೆಲ್ಲ ಚೇಷ್ಟೆ ಮಾಡುತ್ತಿದ್ದಳು.

ಪ್ರತಿಮಾ ನಕ್ಕುಬಿಡುತ್ತಿದ್ದಳು. ಮಗಳು ಶೇವಂತಿಗೆ ಅದು ನಗುವ ಮಾತಾಗಿರಲಿಲ್ಲ. ಜಮಖಂಡಿಯ ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ ಸಮುದ್ರದ ಕಿತ್ತಳೆ ಬಣ್ಣದ ಮೀನು ನೋಡಿ ಬಂದವಳು, ದಸರೆಗೆ ನಮ್ಮನೆಗೂ ಬರುತ್ತವೆ ಎಂದು ತರಗತಿಗೆಲ್ಲ ಸಾರಿದ್ದಳು. ಈಗ ಹುಡುಗಿಯರು ಅವಳನ್ನು ಸುಳ್ಳಿ ಅನ್ನತೊಡಗಿದ್ದರು.

ಆದರೂ ಪ್ರತಿಮಾ ಅವಸರ ಮಾಡಲಿಲ್ಲ. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುತ್ತಿದ್ದಳು. ಕೊಳೆತದ್ದರಿಂದ ಹುಟ್ಟುವ ಅಮೋನಿಯ ಮೀನಿಗೆ ವಿಷ. ಅದನ್ನು ಅರಗಿಸುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ ಬೆಳೆಯುವ ತನಕ ಕಾಯಬೇಕು. ನೀರಿನಲ್ಲಿ ವಿಷವಿದ್ದರೆ ಹಸಿರಾಗುವ ಪರೀಕ್ಷೆಯ ಸೀಸೆ ಈಗೀಗ ಹಳದಿಗೆ ತಿರುಗುತ್ತಿತ್ತು.

ನವರಾತ್ರಿಯ ಘಟ ಹಾಕುವ ಮುಂಚೆ ಮನೆಯ ಹಾಸಿಗೆ, ಪಾತ್ರೆ ಎಲ್ಲ ತೊಳೆಯುವ ರೂಢಿ. ಪ್ರತಿಮಾ ಸಂತೆಯಿಂದ ಬರುವಷ್ಟರಲ್ಲಿ ಅತ್ತೆ ಮರೆವ್ವ ತೊಟ್ಟಿಯ ಕಲ್ಲುಗಳನ್ನೂ ತೆಗೆದು, ನಾರಿನಿಂದ ತಿಕ್ಕಿ, ನಲ್ಲಿಯ ಕೆಳಗೆ ಹಿಡಿದು, ಮಾಳಿಗೆಯ ಬಿಸಿಲಿಗೆ ಹರವಿದ್ದಳು.

“ಎಷ್ಟ ಪಾಚಿ ಕಟ್ಟಿತ್ತವಾ! ಈಗ ನೋಡ, ಹೆಂಗ ಬೆಳ್ಳಗ ಆಗ್ಯಾವ.”

ಪ್ರತಿಮಾ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. “ಅತ್ತಿ, ಅದರಾಗ ಇದ್ದದ್ದು ಹೆಪ್ಪ ಇದ್ದಂಗ್ರೀ. ಅದ ಇಲ್ಲಂದ್ರ ಮೀನ ಬಾಳಂಗಿಲ್ಲ.”

ಮರೆವ್ವ ಹಣೆ ಬಡಿದುಕೊಂಡಳು. “ಹೆಪ್ಪಿನ ಗಡಿಗೀನ ತೊಳದ ಬೋರಲ ಹಾಕಿದ್ನೇನ! ಹಿಂಗಂತ ಮೊದಲ ಹೇಳಬಾರದೇನ ಬೇ?”

ಮರುದಿನ ಅತ್ತೆ ಸೊಸೆ ಇಬ್ಬರೂ ಜಮಖಂಡಿ ಬಸ್ಸು ಹತ್ತಿದರು. ಮೊಸರಿನ ಹೆಪ್ಪು ಕೇಳಲು ಬಟ್ಟಲು ಹಿಡಿದು ಹೋಗುವ ಹಾಗೆ ಮರೆವ್ವ ಡಬ್ಬಿ ಹಿಡಿದಿದ್ದಳು.

“ಯಾವ ಹಲ್ಲ ನೋಯಾಕತ್ತೈತಿ, ಆಯಿ?” ಎಂದರು ಡಾಕ್ಟರು.

“ಹಲ್ಲ ಛಲೋ ಅದಾವ್ರೀ. ನಿಮ್ಮ ಮೀನಿನ ಹೆಪ್ಪ ಬೇಕಾಗಿತ್ತು.”

ಡಾಕ್ಟರು ನಗುತ್ತಲೇ ತಮ್ಮ ತೊಟ್ಟಿಯ ನೀರು ಸೋಸುವ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ಅದೇ ನೀರಿನಲ್ಲಿ ಮುಳುಗಿಸಿ ಕೊಟ್ಟರು. “ಇನ್ನೂ ಸ್ವಲ್ಪ ದಿನಾ ತಡೀರಿ,” ಎಂದರು.

ದಸರೆ ಹೋಯಿತು, ಸ್ಪಂಜು ಹಾಕಿದರೂ ಮತ್ತೆ ಹಸಿರಾಗಿದ್ದ ಸೀಸೆ ಹಾಗೆಯೇ ಇತ್ತು. ರಜೆ ಮುಗಿದ ದಿನ ಶೇವಂತಿ ಪಾಟಿಚೀಲ ಮುಟ್ಟಲೊಲ್ಲಳು. ಮರೆವ್ವ ಅವಳ ಕೈ ಹಿಡಿದು ಹೊರಟಳು, ಪ್ರತಿಮಾ ಹಿಂದೆ. ಶಾಲೆಯ ಅಂಗಳದಲ್ಲಿ ಮುದುಕಿ ಹುಡುಗಿಯರನ್ನು ಕರೆದಳು.

“ಮೀನ ಬರೂದು ಖರೆ. ನಾನs ತೊಳ್ಯಾಕ ಹೋಗಿ ಕೆಡಿಸೀನಿ. ನನ್ನ ಮೊಮ್ಮಗಳು ಸುಳ್ಳಿ ಅಲ್ಲ.”

“ನಿಮ್ಮ ಸೊಸಿ ಬೈಲಿಲ್ಲೇನ ಆಯಿ?” ಎಂದಳು ಒಬ್ಬಳು.

“ಬೈದಿದ್ರ ಜಗಳಾ ಮಾಡಿ ಮನ್ಯಾಗ ಕುಂಡರ್ತಿದ್ದೆ. ಬೈಲಿಲ್ಲ, ಅದಕ್ಕs ಜಮಖಂಡಿ ತನಕಾ ಹೋಗಬೇಕಾತು.”

ಹುಡುಗಿಯರು ಗೊಳ್ಳೆಂದರು. ಗೇಟಿನ ಬಳಿ ಪ್ರತಿಮಾಳಿಗೂ ನಗು ತಡೆಯಲಾಗಲಿಲ್ಲ.

ದೀಪಾವಳಿ ಕಳೆದು ಸೀಸೆ ಹಳದಿಗೆ ನಿಂತಿತು. ಮೀನು ಬಂದ ದಿನ ಬಾಗಿಲ ತುಂಬ ಸಣ್ಣ ಸಣ್ಣ ಚಪ್ಪಲಿ. ಶೇವಂತಿ ತೊಟ್ಟಿಯ ಮುಂದೆ ಕೈ ಅಡ್ಡ ಚಾಚಿ ನಿಂತಿದ್ದಳು: “ಗಾಜ ಬಡೀಬ್ಯಾಡ್ರಿ, ಅವು ಈಗs ಬಂದಾವ!”