ಸೋಲುವವರ ಗೋಲಿನ ಹಿಂದೆ

ಮೊಮ್ಮಕ್ಕಳೇ, ಮೊನ್ನೆ ಟಿವಿಯಲ್ಲಿ ನಿಮ್ಮ ಫುಟ್‌ಬಾಲ್ ತಂಡ ಸೋತಿತೆಂದು ನೀವಿಬ್ಬರೂ ಊಟ ಬಿಟ್ಟಿರಿ. ಆ ಹನ್ನೊಂದು ಮಂದಿ ಯಾವ ದೇಶದವರೋ ಏನೋ, ಅವರು ಆ ಹೊತ್ತಿಗೆ ಹೊಟ್ಟೆ ತುಂಬ ಉಂಡು ಮಲಗಿರಬೇಕು. ನಾನು ಮಾಡಿದ ಬಂಗುಡೆ ಮೀನಿನ ಸಾರು ಮಾತ್ರ ಹಾಗೇ ಉಳಿಯಿತು. ಎದುರು ನಿಂತು ಬುದ್ಧಿ ಹೇಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಆದರೆ ಸೋಲಿನ ವಿಷಯದಲ್ಲಿ ಈ ಮನೆಯಲ್ಲಿ ನನ್ನಷ್ಟು ಕಲಿತವರು ಬೇರೆ ಇಲ್ಲ. ನಿಮ್ಮ ಅಜ್ಜ ಒಬ್ಬರಿದ್ದರು, ಈಗ ಅವರೂ ಇಲ್ಲ.

ನಾನು ಮದುವೆಯಾಗಿ ಶಂಕರಪುರದ ಈ ಮನೆಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಊರಿನವರಿಗೆಲ್ಲ ಮಲ್ಲಿಗೆ ಗಿಡದ ಚಿಂತೆ, ನಿಮ್ಮ ಅಜ್ಜನಿಗೆ ಮಾತ್ರ ಫುಟ್‌ಬಾಲಿನದು. ವಾರವಿಡೀ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದರು. ಮದುವೆಗೆ ಮುಂಚೆ ಬೊಂಬಾಯಿಯ ಹೋಟೆಲಿನಲ್ಲಿದ್ದಾಗ ಮೈದಾನದ ಬೇಲಿಯ ಹೊರಗೆ ನಿಂತು ಈ ಆಟ ನೋಡಿದ್ದರಂತೆ. ನೋಡಿದ್ದೆಂದರೆ ಕಲಿತದ್ದೇ ಎಂದು ತಿಳಿದು, ಊರಿಗೆ ಬಂದವರೇ ಒಂದು ತಂಡ ಕಟ್ಟಿ ತಾವೇ ಗೋಲು ಕಾಯುವ ಗೋಲಿಯಾಗಿ ನಿಂತರು. ತಂಡದ ಹೆಸರು ಬರೆಯುವುದಿಲ್ಲ. ಅದರಲ್ಲಿ ‘ವೀರ’ ಎಂಬ ಶಬ್ದ ಇತ್ತು ಎಂದರೆ ಸಾಕು.

ಮಳೆಗಾಲದ ಏಣೆಲು ಬೆಳೆ ಕೊಯ್ದಾದ ಮೇಲೆ ನೀರಿಲ್ಲದ ನಮ್ಮ ಬೆಟ್ಟುಗದ್ದೆ ಮುಂದಿನ ಮಳೆಯವರೆಗೆ ಖಾಲಿ. ಅದೇ ಮೈದಾನ. ಗೋಲಿಗೆ ಅಡಕೆ ಮರದ ಕಂಬ, ಕಂಬಕ್ಕೆ ಕಾಪುವಿನಿಂದ ತಂದ ಹಳೆಯ ಮೀನುಬಲೆ. ಮೀನು ನಿಲ್ಲದ ಬಲೆ ಎಂದೇ ಅವರು ಕೊಟ್ಟದ್ದು, ಅದರಲ್ಲಿ ಚೆಂಡು ನಿಲ್ಲುವುದುಂಟೇ? ಸೂರ್ಯ ಮುಳುಗುವ ಪಡು ಬದಿಯ ಗೋಲಿನ ಹಿಂದೆ ಗದ್ದೆಯ ಎತ್ತರದ ಅಂಚು, ಹುಣಿ; ಹುಣಿಯ ಆಚೆ ನಮ್ಮ ಕುಟುಂಬದ ನಾಗಬನ. ಚೆಂಡು ಬನದೊಳಗೆ ಬಿದ್ದರೆ ಹೊರಗಿನವರು ಕಾಲಿಡುವಂತಿಲ್ಲ. ಮನೆಯವರೇ, ಅದೂ ಮಿಂದವರೇ ಹೋಗಿ ತರಬೇಕು. ಆದ್ದರಿಂದ ಅರ್ಧ ಆಟ ಮುಗಿದ ಮೇಲೆ ಬದಿ ಬದಲಾಯಿಸುವ ಲೋಕದ ನಿಯಮ ನಮ್ಮಲ್ಲಿ ನಡೆಯುತ್ತಿರಲಿಲ್ಲ. ಪಡು ಬದಿ ಯಾವಾಗಲೂ ನಮ್ಮದೇ. ನಾಗನ ವಿಷಯ ಎಂದ ಮೇಲೆ ಎದುರಿನವರೂ ತಕರಾರು ಮಾಡುತ್ತಿರಲಿಲ್ಲ. ನಿಮ್ಮ ಅಜ್ಜ ಆದಿತ್ಯವಾರ ಮಿಂದು, ಮೀನು ಮುಟ್ಟದೆ ಆಟಕ್ಕೆ ಇಳಿಯುತ್ತಿದ್ದರು. ಅಷ್ಟು ಮಡಿಯಲ್ಲಿ ಗೋಲು ಬಿಟ್ಟವರು ಜಿಲ್ಲೆಯಲ್ಲಿ ಬೇರೆ ಇರಲಾರರು. ಚರ್ಮದ ಚೆಂಡು ಬನಕ್ಕೆ ಬಿದ್ದ ದೋಷಕ್ಕೆ ಮಳೆ ಹಿಡಿಯುವ ಮೊದಲು ನಾಗನಿಗೆ ಹಾಲು, ಸೀಯಾಳ ಎರೆಯುವುದಿತ್ತು. ವರ್ಷದ ಸೋಲಿಗೆಲ್ಲ ಸೇರಿ ಒಂದೇ ಸೇವೆ.

ಮೊದಲ ವರ್ಷ ಊರಿನ ಗಂಡಸರೆಲ್ಲ ಬಂದು ಹುಣಿಯ ಮೇಲೆ ಸಾಲಾಗಿ ಕುಳಿತರು. ತಂಡದ ಅಧ್ಯಕ್ಷರೆಂದು ಒಬ್ಬರಿದ್ದರು, ಅವರಿಗೆ ಕುರ್ಚಿ. ಗಂಡಸರು ಕುಳಿತಲ್ಲಿ ಹೆಂಗಸರು ಸುಳಿಯುವ ಕಾಲ ಅದಲ್ಲ. ನನಗೆ ದನದ ಹಟ್ಟಿಯ ಕಿಂಡಿಯಿಂದ ಕಂಡದ್ದು ಅಧ್ಯಕ್ಷರ ಬೆನ್ನು ಮಾತ್ರ. ಆದರೆ ನಮ್ಮ ವೀರರು ಕಾರ್ಕಳದವರೆದುರು ಸೋತರು, ಕಾಪುವಿನವರೆದುರು ಸೋತರು, ಮಣಿಪಾಲದ ವಿದ್ಯಾರ್ಥಿಗಳೆದುರು ಸೋತದ್ದನ್ನು ಸೋಲು ಎಂದರೆ ಸೋಲಿಗೇ ಅವಮಾನ. ಎರಡನೆಯ ವರ್ಷಕ್ಕೆ ಜನ ಕರಗಿದರು. ಅಧ್ಯಕ್ಷರಿಗೆ ಆದಿತ್ಯವಾರವೇ ಬೇರೆ ಕೆಲಸ ಬರತೊಡಗಿತು. ಹುಣಿ ಖಾಲಿಯಾಯಿತು.

ಅಲ್ಲಿ ಮೊದಲು ಹೋಗಿ ಕುಳಿತವರು ಆಚೆಮನೆಯ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಸ್ತುವರು, ನನಗಿಂತ ಹಿರಿಯರು, ನಾಲಿಗೆಗೆ ಬೇಲಿ ಇಲ್ಲ. ಮರುದಿನ ಬೆಳಿಗ್ಗೆ ಮಲ್ಲಿಗೆ ಕಟ್ಟಲು ಬಾಳೆನಾರು ಸೀಳಿ ಇಡುವ ಕೆಲಸ ನಮಗೆಲ್ಲ ಸಂಜೆ ಇದ್ದದ್ದೇ. ಅವರು ನಾರಿನ ಕಟ್ಟು ಹಿಡಿದು ಬನದ ನೆರಳಿನಲ್ಲಿ ಕುಳಿತು ನನ್ನನ್ನು ಕೂಗಿದರು.

ಅತ್ತೆ ಕೇಳಿದರು, “ಅಲ್ಲಿ ನೋಡ್ಲಿಕ್ಕೆ ಎಂತ ಉಂಟು? ದೊಡ್ಡ ದೊಡ್ಡ ಗಂಡಸರು ಚಡ್ಡಿ ಹಾಕಿ ಓಡುವುದಾ?”

“ನಾರು ಸೀಳ್ಲಿಕ್ಕೆ ಅಲ್ಲಿ ಗಾಳಿ ಉಂಟು” ಎಂದೆ.

“ಜನ?”

“ಯಾರೂ ಇಲ್ಲ.”

“ಹಾಗಾದರೆ ಹೋಗು.”

ಮದುವೆಯಾದ ಮೇಲೆ ಬಾವಿಕಟ್ಟೆ, ಹಟ್ಟಿ, ಮಲ್ಲಿಗೆ ಗಿಡ ಬಿಟ್ಟು ನಾನು ಕುಳಿತ ಮೊದಲ ಜಾಗ ಅದು. ವಾರಕ್ಕೆ ಒಂದು ಸಂಜೆ. ನಮ್ಮ ತಂಡ ಸೋಲುತ್ತಿದ್ದುದರಿಂದ ನನಗೆ ಸಿಕ್ಕಿದ ಸಂಜೆ. ನಿಧಾನಕ್ಕೆ ಬೇರೆ ಮನೆಗಳ ಹೆಂಗಸರೂ ಬಂದರು. ಇಡೀ ಆಟ ನಮ್ಮ ಗೋಲಿನ ಬಾಯಲ್ಲೇ ನಡೆಯುತ್ತಿದ್ದುದರಿಂದ ಲೋಕದಲ್ಲೇ ಒಳ್ಳೆಯ ಜಾಗ ನಮ್ಮದು. ಅಂಗಳದಲ್ಲಿ ನಾಟಕ ಆಡಿಸಿದ ಹಾಗೆ ಎಲ್ಲ ಕಣ್ಣೆದುರಿಗೆ.

“ನೋಡು ತಂಗಿ, ನಿನ್ನ ಯಜಮಾನರು ಈಗ ಬಲಕ್ಕೆ ಹಾರ್ತಾರೆ, ಚೆಂಡು ಎಡಕ್ಕೆ ಹೋಗ್ತದೆ” ಎನ್ನುವರು ಬಾಯಮ್ಮ. ಹಾಗೇ ಆಗುತ್ತಿತ್ತು. “ದೊಡ್ಡ ಮನಸ್ಸು ಮಾರಾಯ್ತಿ. ಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ.”

ನಿಮ್ಮ ಅಜ್ಜನಿಗೆ ಇದೆಲ್ಲ ಕೇಳಿಸುತ್ತಿತ್ತು. ಒಂದು ಸಲ ಕಂಬ ಹಿಡಿದು ನಿಂತು ತಿರುಗಿ, “ಬಾಯಮ್ಮ, ಮೊದಲೇ ಗೊತ್ತಿದ್ರೆ ಸ್ವಲ್ಪ ಜೋರು ಹೇಳಿ, ನನಗೂ ಉಪಕಾರ ಆಗ್ತದೆ” ಎಂದರು. ಅಷ್ಟು ಹೊತ್ತಿಗೆ ಇನ್ನೊಂದು ಚೆಂಡು ಒಳಗೆ. ಮಣಿಪಾಲದ ಹುಡುಗರು ಒಳ್ಳೆಯ ಮನೆತನದವರು, ಗೋಲು ಹೊಡೆದು “ಸಾರಿ ಅಂಕಲ್” ಎನ್ನುತ್ತಿದ್ದರು. ಅಂಕಲ್ಲಿಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. ಗೋಲಿಗಿಂತ ಆ ಮಾತೇ ಅವರಿಗೆ ಹೆಚ್ಚು ತಾಗುತ್ತಿತ್ತು.

ಹೀಗೆ ನಮ್ಮ ಸುಖದ ವರ್ಷಗಳು ಕಳೆದವು. ನಿಮ್ಮ ಅಪ್ಪ ಹುಟ್ಟಿ, ಅದೇ ಹುಣಿಯಲ್ಲಿ ನನ್ನ ಮಡಿಲಲ್ಲಿ ಕುಳಿತು ಸೋಲು ನೋಡಿ ಬೆಳೆದ. ಎಂಬತ್ತರ ದಶಕ ಬಂತು, ಊರಿಗೆ ಕರೆಂಟು ಬಂತು, ಕೊನೆಗೆ ಶಾಲೆಗೆ ವರ್ಗವಾಗಿ ಒಬ್ಬ ಹೊಸ ಮಾಸ್ಟ್ರು ಬಂದರು. ಮೃದು ಮನುಷ್ಯ, ಎದುರು ಸಿಕ್ಕಿದರೆ ತಲೆ ತಗ್ಗಿಸಿ ಹೋಗುವವರು. ಆದರೆ ಕಾಲಿಗೆ ಚೆಂಡು ಸಿಕ್ಕಿದರೆ ಮರ್ಯಾದೆ ಮರೆಯುತ್ತಿದ್ದರು. ನಮ್ಮ ತಂಡ ಸೇರಿ, ಕಾರ್ಕಳಕ್ಕೆ ಹೋಗಿ ನಮ್ಮವರನ್ನು ಗೆಲ್ಲಿಸಿ ತಂದರು. ಆಮೇಲೆ ಕಾಪುವಿನಲ್ಲೂ ಅದೇ ಹಣೆಬರಹ.

ನಿಮ್ಮ ಅಜ್ಜ ಗೆದ್ದು ಬಂದ ದಿನ ಮುಖ ಉಬ್ಬಿಸಿ ಜಗಲಿಯಲ್ಲಿ ಕುಳಿತಿದ್ದರು.

“ಎಂತ ಆಯ್ತು? ಗೆದ್ದದ್ದಲ್ವಾ?” ಎಂದು ಕೇಳಿದೆ.

“ಗೆದ್ದದ್ದು ಹೌದು. ನನ್ನ ಹತ್ತಿರ ಚೆಂಡೇ ಬರಲಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಕಂಬ ಕಾದು ಬಂದೆ.”

ಅವರ ದುಃಖ ಅಷ್ಟೇ. ನನ್ನದು ದೊಡ್ಡದು. ಗೆಲುವಿನ ಸುದ್ದಿ ಹೋಟೆಲುಗಳಲ್ಲಿ ಹಬ್ಬಿದ್ದೇ ತಡ, ಊರಿನ ಗಂಡಸರಿಗೆ ತಾವು ಹುಟ್ಟಿದಂದಿನಿಂದ ಫುಟ್‌ಬಾಲ್ ಪ್ರೇಮಿಗಳೆಂಬುದು ನೆನಪಾಯಿತು. ಅಧ್ಯಕ್ಷರ ಆದಿತ್ಯವಾರದ ಕೆಲಸಗಳೆಲ್ಲ ಒಮ್ಮೆಲೇ ಮುಗಿದುಹೋದವು. ಮುಂದಿನ ವಾರ ನಮ್ಮ ಗದ್ದೆಯಲ್ಲಿ ಉಡುಪಿಯವರೊಂದಿಗೆ ಆಟ, ಮೈಕು ಬರುತ್ತದೆ, ಹುಣಿಯಲ್ಲಿ ಗಣ್ಯರಿಗೆ ಕುರ್ಚಿ ಎಂದು ತಿಳಿಯಿತು.

ಅತ್ತೆ ಒಂದೇ ಮಾತು ಹೇಳಿದರು. “ಗಂಡಸರು ಬಂದು ಕೂತರೆ ನೀನು ಮನೆಗೆ ಬಾ. ಮತ್ತೆ ಅಲ್ಲಿ ನಿನಗೆ ಕೆಲಸ ಇಲ್ಲ.”

ಬಾಯಮ್ಮನಿಗೆ ಹೇಳಿದೆ. ಅವರು ಶಿಲುಬೆ ಗುರುತು ಮಾಡಿ, “ನಾನು ಇಗರ್ಜಿಯಲ್ಲಿ ಮೇಣದಬತ್ತಿ ಹೊತ್ತಿಸಿ ಬಂದಿದ್ದೇನೆ, ಉಡುಪಿಯವರು ಗೆಲ್ಲಲಿ ಅಂತ. ಉಳಿದದ್ದು ನಿನ್ನ ಯಜಮಾನರು ನೋಡಿಕೊಳ್ತಾರೆ. ಅಭ್ಯಾಸ ಉಂಟಲ್ಲ” ಎಂದರು.

ಆ ಸಂಜೆ ನಾವು ಬೇಗನೆ ಹೋಗಿ ಹುಣಿಯುದ್ದಕ್ಕೂ ನಾರು ಹರಡಿ ಕುಳಿತೆವು. ಅಧ್ಯಕ್ಷರು ಬಂದರು. ಹಿಂದೆ ಕುರ್ಚಿ ಹೊತ್ತವರು, ಅವರ ಹಿಂದೆ ಊರಿನ ಗಂಡಸರು.

“ಹೆಂಗಸರು ಸ್ವಲ್ಪ ಏಳ್ಬೇಕು. ಇಲ್ಲಿ ಕುರ್ಚಿ ಹಾಕ್ಲಿಕ್ಕುಂಟು.”

ಯಾರೂ ಏಳಲಿಲ್ಲ. ಎಲ್ಲರೂ ಬಾಯಮ್ಮನನ್ನು ನೋಡಿದರು. ಬಾಯಮ್ಮನ ನಾಲಿಗೆಗೆ ಅಂದೇ ರಜೆ, ಅಧ್ಯಕ್ಷರು ಅವರು ಗೇಣಿಗೆ ಮಾಡುತ್ತಿದ್ದ ಗದ್ದೆಯ ಧನಿಗಳು. ಪರ ಗಂಡಸಿನೊಡನೆ ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. ಬಸ್ಸಿನಲ್ಲಿ ಟಿಕೇಟು ಕೇಳಲೂ ಜೊತೆಗೆ ಜನ ಬೇಕಿತ್ತು. ತಲೆ ಎತ್ತದೆ, ನಾರು ಸೀಳುತ್ತಲೇ ಹೇಳಿದೆ.

“ಧನಿಗಳೇ, ಇಲ್ಲಿ ಎಂತ ಕಾಣ್ತದೆ? ಮೊದಲು ನಾವು ಸೋಲುವಾಗ ಆಟ ಈ ಬದಿಗಿತ್ತು. ಈಗ ಗೋಲು ಹೊಡೆಯುವವರು ನಾವಲ್ವಾ? ಆಚೆ ಗೋಲಿನ ಹಿಂದೆ ಕೂತರೆ ಮಾಸ್ಟ್ರು ಹೊಡೆಯುವುದು ಹತ್ತಿರದಿಂದ ಕಾಣ್ತದೆ.”

ಅಧ್ಯಕ್ಷರು ಯೋಚಿಸಿದರು. ಅವರು ಯೋಚಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಅದು ಸರಿ” ಎಂದು ಕುರ್ಚಿ, ಮೈಕು, ಗಣ್ಯರ ಸಮೇತ ಎದುರಿನ ಮೂಡು ಬದಿಗೆ ನಡೆದರು. ಅಲ್ಲಿ ಒಂದು ಮರವಿಲ್ಲ, ಸಂಜೆಯ ಬಿಸಿಲು ನೇರ ಕಣ್ಣಿಗೆ. ನಿಮ್ಮ ಅಜ್ಜ ಗೋಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು, ಮನೆಗೆ ಹೊಸಬರು ಯಾರೋ ಬಂದ ಹಾಗೆ.

ಉಡುಪಿಯವರಿಗೆ ಮಾಸ್ಟ್ರ ಸುದ್ದಿ ಮೊದಲೇ ಮುಟ್ಟಿತ್ತು. ಇಬ್ಬರು ಧಡಿಯರು ಕೊನೆಯವರೆಗೂ ಮಾಸ್ಟ್ರ ಎಡಬಲ ಬಿಡಲಿಲ್ಲ, ಮದುಮಗನನ್ನು ಕರೆದೊಯ್ಯುವ ಹಾಗೆ. ಮಾಸ್ಟ್ರಿಗೆ ಚೆಂಡು ಸಿಗಲಿಲ್ಲ, ನಿಮ್ಮ ಅಜ್ಜನಿಗೆ ಪುರುಸೊತ್ತು ಸಿಗಲಿಲ್ಲ. ಗೋಲಿಗೂ ಬನಕ್ಕೂ ಓಡಾಡಿ ಬೆವರಿಳಿದರು, ಕೆಲವು ಚೆಂಡು ಹಿಡಿದರು ಕೂಡ. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಮೂಡು ಬದಿಯಲ್ಲಿ ಅಧ್ಯಕ್ಷರು ತಲೆಗೆ ಕರವಸ್ತ್ರ ಹಾಕಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಕೆಲಸವಿಲ್ಲದೆ ಆಕಳಿಸುತ್ತಿದ್ದ ಉಡುಪಿಯ ಗೋಲಿಯ ಬೆನ್ನು ನೋಡುತ್ತಿದ್ದರು. ಆಟ ಮುಗಿಯುವ ಮೊದಲೇ ಕುರ್ಚಿಗಳು ಎದ್ದವು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

“ಎಂತ ಆಯ್ತು?”

“ಸೋತರು.”

“ಜನ?”

“ಅರ್ಧದಲ್ಲೇ ಎದ್ದು ಹೋದರು. ಇನ್ನು ಬರ್ಲಿಕ್ಕಿಲ್ಲ.”

ಅತ್ತೆ ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಮಗನನ್ನು ಒಮ್ಮೆ ನೋಡಿದರು.

“ಹಾಗಾದರೆ ಬರುವ ಆದಿತ್ಯವಾರ ನನಗೂ ಒಂದು ಚಾಪೆ ಹಿಡಿದುಕೋ” ಎಂದರು.