ಗೋದಾಮಿನಲ್ಲಿ ಬಿಗಿಹಿಡಿದ ಸೀನು

ಇವತ್ತು ಬೆಳಗ್ಗೆ ಖಾರದ ಡಬ್ಬಿಯ ಮುಚ್ಚಳ ತೆಗೆದು, ಮೂಗು ಒಡ್ಡಿ, ಸೀನು ಬಂದರೂ ಬಿಡಬಾರದೆಂದು ಹಟ ಹಿಡಿದು ನಿಂತೆ. ಎರಡೇ ಕ್ಷಣ, ಸೊಂಟ ಹಿಡಿದುಕೊಳ್ಳುವ ಹಾಗೆ ಸೀನಿದೆ. ಈ ವಯಸ್ಸಿನಲ್ಲಿ ಇದೆಂಥ ಪರೀಕ್ಷೆ ಎಂದು ನೀವು ನಗಬಹುದು. ನನಗೊಂದು ಹಳೆಯ ಅನುಮಾನ ಬಗೆಹರಿಯಬೇಕಿತ್ತು.

ನಮ್ಮಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ನೀರು ಕುಡಿದೇ ಏಳುವ ಮನುಷ್ಯ. ಅಕ್ಕ ವಿಜಯಾ ಊರೂರು ಅಲೆದು ಅದೇನೋ ಹೊಸ ಬಗೆಯ ನೃತ್ಯ ಕಲಿತಿದ್ದಳು. ಅವಳ ಆಟ ಒಂದನ್ನೂ ಅಪ್ಪ ನೋಡಿರಲಿಲ್ಲ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಹೊಸದೊಂದು ಆಟ ಆಡಿ ತೋರಿಸಲು ಅಪ್ಪನ ಗೋದಾಮು ಕೇಳಿದಳು. ಅಪ್ಪ ಕೊಟ್ಟ, ಕೊಡುತ್ತಲೇ ಹೇಳಿದ: “ಇದೊಂದು ನೋಡತೇನಿ, ವಿಜಿ. ಮನಸಿಗೆ ಬರಲಿಲ್ಲಂದ್ರ ಸುಮ್ನ ಸಾಲಿ ಮಾಸ್ತರಿಕಿಗೆ ಅರ್ಜಿ ಹಾಕು.” ಅಕ್ಕ ಹೂಂ ಎಂದಳು. ಅವಳ ಮುಖ ಸಣ್ಣದಾದದ್ದು ನೋಡಿ ನನಗೆ ಸಂಕಟವಾಯಿತು.

ಅವಳ ಆಟದ ಕಟ್ಟಳೆ ಕೇಳಿ. ಕತ್ತಲೆ ಗೋದಾಮು, ಒಂದೇ ದೀಪ, ಅದನ್ನು ಹಿಡಿದವನು ನಾನು. ಯಾರಾದರೂ ಸೀನಿದರೆ ದೀಪವನ್ನು ತೋಚಿದ ಕಡೆ ತಿರುಗಿಸಬೇಕು. ಅವಳು ಬೆಳಕಿನ ಬೆನ್ನು ಹತ್ತಿ ಕುಣಿಯುತ್ತ ಹೋಗಿ, ಮುಂದಿನ ಸೀನು ಬರುವ ತನಕ ಅಲ್ಲಾಡದೆ ನಿಲ್ಲಬೇಕು. ಮೆಣಸಿನಕಾಯಿ ಚೀಲಗಳ ನಡುವೆ ಸೀನಿಗೇನು ಬರ ಎಂದು ಅವಳ ಎಣಿಕೆ.

ಆಟದ ದಿನ ಸಂಜೆ ಹಾವೇರಿ, ರಾಣೆಬೆನ್ನೂರಿನ ನೆಂಟರೂ ಬಂದರು. ಅಕ್ಕ ಎಲ್ಲರಿಗೂ ಕಟ್ಟಳೆ ತಿಳಿಸಿ, ಬೆಳಕಿನಲ್ಲಿ ಒಂಟಿಗಾಲ ಮೇಲೆ ನಿಂತಳು. ನಿಂತೇ ಇದ್ದಳು. ಒಬ್ಬರೂ ಸೀನಲಿಲ್ಲ. ನೋಡಿದರೆ ಹೆಂಗಸರು ಸೆರಗನ್ನು, ಗಂಡಸರು ಟವೆಲನ್ನು ಮೂಗಿಗೆ ಒತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಾರೆ.

“ಅತ್ತೀ, ಒಂದರ ಸೀನು ಬಿಡ್ರಿ,” ಎಂದು ಪಕ್ಕದಲ್ಲಿದ್ದ ಸೋದರತ್ತೆಗೆ ಪಿಸುಗುಟ್ಟಿದೆ.

“ಹುಚ್ಚ ಹಿಡದೈತೇನ್ ನಿನಗ? ಹುಡುಗಿ ಹೊಸಾ ಕೆಲಸಕ್ಕ ನಿಂತಾಳ. ಒಂಟಿ ಸೀನು ಸೀನಿ ಆಕಿಗೆ ಕೇಡು ಮಾಡ್ಲೇನು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ. ಅವನ ಮೂಗಿನ ಮೇಲೂ ಟವೆಲು. ಅಕ್ಕನ ಕಥೆ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಆಗ ಬಂತು ನೋಡಿ, ತಗಡಿನ ಚಾವಣಿ ಅದುರುವಂಥ ಸೀನು. ಅಪ್ಪನದು. ಒಂಟಿ ಸೀನು. ನಾನು ಗಾಬರಿಯಲ್ಲಿ ದೀಪ ತಿರುಗಿಸಿದೆ, ಅಕ್ಕ ಜಿಗಿದಳು. “ಅಯ್ಯ ಶಿವನ, ಯಾರರ ಜೋಡಿ ಮಾಡ್ರಿ,” ಎನ್ನುತ್ತ ಅತ್ತೆ ಸೆರಗು ತೆಗೆದು ತಾನೇ ಸೀನಿದಳು. ಅಲ್ಲಿಗೆ ಎಲ್ಲರ ಕಟ್ಟೆ ಒಡೆಯಿತು. ಚೀಲಗಳ ಸಂದಿಯಿಂದ, ಬಾಗಿಲ ಹತ್ತಿರದಿಂದ, ಸೀನೋ ಸೀನು. ನನ್ನ ಕೈ ಸೋತಿತು. ಅಕ್ಕ ಗೋಡೆಯಿಂದ ಗೋಡೆಗೆ ಹಾರಿದಳು, ಬಿದ್ದಳು, ಎದ್ದು ನಕ್ಕಳು. ಅಂಥ ಕುಣಿತವನ್ನು ನಾನು ಮತ್ತೆ ನೋಡಿಲ್ಲ.

ಅರ್ಜಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ನನಗೆ ಮಾತ್ರ ಕುತೂಹಲ ತಡೆಯದೆ ಮರುದಿನ ಕೇಳಿದೆ: “ಸೀನು ತಾನ ಬಂತೋ, ನೀನ ಬಿಟ್ಟಿಯೋ, ಅಪ್ಪಾ?”

“ಆಕಿ ಕಾಲು ನಡಗಾಕತ್ತಿತ್ತು,” ಎಂದ.

ಕೇಳಿದ್ದೊಂದು, ಹೇಳಿದ್ದೊಂದು ಎಂದು ಆಗ ಬೇಸರಪಟ್ಟಿದ್ದೆ. ಇಷ್ಟು ವರ್ಷ ಮೂಗಿನ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಈಗ ಕಣ್ಣೀರು ಒರೆಸಿಕೊಳ್ಳುತ್ತ ಡಬ್ಬಿ ಮುಚ್ಚುವಾಗ ಹೊಳೆಯಿತು: ದೀಪ ನನ್ನ ಕೈಯಲ್ಲೇ ಇತ್ತು, ಆ ಕಾಲು ನಡುಗಿದ್ದು ನನಗೆ ಕಂಡಿರಲೇ ಇಲ್ಲ.