ಡಂಗುರದವನ ಸರದಿ

ನನಗೆ ಉಗ್ಗು ಇದೆ. ಸಣ್ಣವನಿದ್ದಾಗಿನಿಂದ ಇದೆ, ಈಗ ನಲವತ್ತನಾಲ್ಕಕ್ಕೂ ಇದೆ. ಮಾತು ಹೊರಡುವ ಹೊತ್ತಿಗೆ ಗಂಟಲಲ್ಲಿ ಕೂತು ಹಟ ಹಿಡಿಯುತ್ತದೆ, ತನ್ನ ಮನಸ್ಸಿಗೆ ಬಂದಾಗ ಏಳುತ್ತದೆ. ಉಗ್ಗಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ನಾನು ಉಗ್ಗುವಾಗ ಎದುರಿಗೆ ನಿಂತಿರುತ್ತಾರಲ್ಲ, ಅವರ ಮೇಲೆ.

ನಮ್ಮ ಕಡೆಯ ಜನ ಕೆಟ್ಟವರಾಗಿದ್ದರೆ ಜಗಳ ತೆಗೆಯಬಹುದಿತ್ತು. ಕೆಟ್ಟವರಲ್ಲ, ಅದೇ ಫಜೀತಿ. ಮನೆಗೆ ಬಂದವರನ್ನು ಬೇಕೋ ಬೇಡವೋ ಕೇಳದೆ ಚಹಾ ತಂದಿಡುತ್ತಾರೆ. ಹಾಗೆಯೇ ಮಾತು ಸಿಕ್ಕಿಕೊಂಡವನಿಗೂ ಬೇಕೋ ಬೇಡವೋ ಕೇಳದೆ ಒಂದು ಮಾತು ತಂದಿಡುತ್ತಾರೆ. ಕೇಶ್ವಾಪುರದಲ್ಲಿ ನಮ್ಮ ಓಣಿಯ ಮೂಲೆಗೆ ಕೂಡುವ ಕಾಯಿಪಲ್ಲೆಯ ಅಜ್ಜಿ ನಾನು ಮೆಂತ್ಯೆಯ 'ಮ'ದಲ್ಲಿ ನಿಂತಾಗಲೆಲ್ಲ "ಮೂಲಂಗಿ ಏನಪಾ?" ಎಂದು ಚೀಲಕ್ಕೆ ಹಾಕಿಬಿಡುತ್ತಿದ್ದಳು. ಅವಳ ಮುಖದ ತುಂಬ ಅಂತಃಕರಣ. ಅಲ್ಲ ಅನ್ನಲು ಇನ್ನೊಂದು ನಿಮಿಷ ಬೇಕು, ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ಮೂಲಂಗಿ ಕಂಡರಾಗದ ನಮ್ಮ ಮನೆ ವರ್ಷಗಟ್ಟಲೆ ಮೂಲಂಗಿ ತಿಂದಿದೆ.

ಕೆಲಸದಲ್ಲೂ ಇದೇ ಕಥೆ. ತಾರಿಹಾಳದಲ್ಲಿ ವಾಲ್ವ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂಬುದು ನನ್ನಷ್ಟು ಯಾರಿಗೂ ಗೊತ್ತಿಲ್ಲ, ಆದರೆ ಹೇಳಲು ಬಿಟ್ಟರೆ ತಾನೆ. ನಾನು ಬಾಯಿ ತೆಗೆದರೆ ಸಾಕು, "ಗೊತ್ತಾತ್ರಿ, ಗೊತ್ತಾತ್ರಿ" ಎಂದು ಹೋಗಿ ತಪ್ಪು ಡಬ್ಬಿ ಎತ್ತಿಕೊಂಡು ನಡೆಯುತ್ತಾರೆ. ಮಧ್ಯಾಹ್ನ ಅದೇ ಡಬ್ಬಿ ವಾಪಸ್ಸು ಬರುತ್ತದೆ.

ಇಂಥ ಒಂದು ಮಧ್ಯಾಹ್ನವೇ ನಮ್ಮಲ್ಲಿ ಡ್ರಾಯಿಂಗ್ ಮಾಡುವ ಹುಡುಗಿ ಬುತ್ತಿ ಬಿಚ್ಚುತ್ತ ಆ ಆಟದ ಸುದ್ದಿ ತೆಗೆದಳು. ಧಾರವಾಡದಲ್ಲಿ ಸಾಲಿ ಕಲಿಸಿ ನಿವೃತ್ತರಾದ ಅಕ್ಕಾರೊಬ್ಬರು ಇದ್ದಾರಂತೆ. ಅವರು ಇಮೇಲಿನಲ್ಲಿ ಒಂದು ಆಟ ನಡೆಸುತ್ತಾರಂತೆ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಬೇಕು. ಈಕೆ ಅದರಲ್ಲಿ ಕುದುರೆ ಕದಿಯುವವಳು.

"ನಾಟಕೇನು?" ಎಂದು ನಾನು ಚೀಟಿಯ ಹಿಂದೆ ಬರೆದು ತೋರಿಸಿದೆ.

"ನಾಟಕ ಅಲ್ರಿ ಅಣ್ಣಾರ. ಇದರಾಗ ಯಾರೂ ಮಾತಾಡೂದೇ ಇಲ್ಲ. ಬರೀ ಬರಿಯೂದು," ಅಂದಳು.

ಆ ಒಂದು ಮಾತಿಗೆ ನಾನು ಬಿದ್ದೆ. ಅವತ್ತೇ ಸಂಜೆ ಅಕ್ಕಾರಿಗೆ ಪತ್ರ ಹಾಕಿದೆ, ಮರುದಿನ ಉತ್ತರ ಬಂತು. ನದಿಯ ದಂಡೆಗೆ ಒಂದು ಕೋಟೆ, ಕೋಟೆಯೊಳಗೆ ಊರು, ಹೊರಗೆ ನದಿಗೆ ಹತ್ತಿದ ಕೇರಿ. ಪ್ರತಿ ಬುಧವಾರ ಅವರು ಊರಲ್ಲಿ ಏನು ನಡೆದಿದೆ ಎಂದು ಬರೆದು ಎಲ್ಲರಿಗೂ ಕಳಿಸುತ್ತಾರೆ. ರವಿವಾರದೊಳಗೆ ನಮ್ಮ ಪಾತ್ರ ಏನು ಮಾಡಿತು, ಏನು ಅಂದಿತು ಎಂದು ನಾವು ಬರೆಯಬೇಕು. ಗೆದ್ದಿತೋ ಸೋತಿತೋ ಅನ್ನುವುದನ್ನು ಅವರು ದಾಳ ಉರುಳಿಸಿ ನಿರ್ಧರಿಸುತ್ತಾರೆ. ಕೊನೆಗೆ ಕೇಳಿದ್ದರು: "ನೀವು ಯಾರಾಗ್ತೀರಿ?"

ಡಂಗುರ ಸಾರುವವನಾಗುತ್ತೇನೆ ಎಂದು ಬರೆದೆ. ಬೇಕಂತಲೇ ಬರೆದೆ. ಆಗುವುದಾದರೆ ಊರಿಗೆಲ್ಲ ಕೇಳುವ ಹಾಗೆ ಆಗೋಣ.

ಮೊದಲ ಸರದಿಗೆ ನಾಲ್ಕು ಪುಟ ಬರೆದೆ. ಬೆಳಿಗ್ಗೆ ಐದೂವರೆಗೆ ಎದ್ದು, ಹೆಂಡತಿ ಚಹಾಕ್ಕೆ ಕರೆದರೂ ಏಳದೆ ಬರೆದೆ. ನನ್ನ ಡಂಗುರದವ ಸಂತೆಯ ನಡುವೆ ನಿಂತು ಸುದ್ದಿ ಸಾರಿದ. ಬರೀ ಅವನೊಬ್ಬನೇ ಮಾತಾಡಿದರೆ ಚಂದ ಕಾಣುವುದಿಲ್ಲವೆಂದು ಉಳಿದವರಿಗೂ ಒಂದೊಂದು ಮಾತು ಹಚ್ಚಿದೆ. ಕುದುರೆ ಕಳ್ಳಿ ಏನೋ ಕೊಂಕು ನುಡಿದಳು. ವ್ಯಾಪಾರಿ 'ಹೌದಪ್ಪಾ ಹೌದು' ಅಂದ. ಗದಗಿನ ನರ್ಸಬಾಯಿಯೊಬ್ಬರು ಆಡುವ ವೈದ್ಯಳ ಪಾತ್ರ ಪಾಪ ಸುಮ್ಮನೆ ನಿಂತಿತ್ತು, ಅವಳಿಗೂ ಎರಡು ಸಾಲು. ಪಂಕ್ತಿಯಲ್ಲಿ ಕೂತವರಿಗೆಲ್ಲ ಬಡಿಸಿದ ಹಾಗೆ ಬಡಿಸಿ, ಸಮಾಧಾನದಿಂದ ಕಳಿಸಿದೆ.

ಅಕ್ಕಾರ ಉತ್ತರ ಸಣ್ಣದಿತ್ತು. "ಬರವಣಿಗಿ ಛಲೋ ಅದರಿ. ಆದರ ವೈದ್ಯಳ ಮಾತು ನೀವು ಬರದೀರಿ. ಆಕೀ ಬಾಯಿ ಆಕೀದು. ಆಕಿ ಸುಮ್ನ ನಿಂತಿದ್ರ ಸುಮ್ನ ನಿಲ್ಲಲಿ, ಏನರೆ ಅನ್ನಬೇಕು ಅನಿಸಿದಾಗ ಆಕೀನ ಅಂತಾಳ. ಈ ಆಟದಾಗ ಒಬ್ಬರ ಮಾತು ಇನ್ನೊಬ್ಬರು ಆಡೂಹಂಗಿಲ್ಲ. ಅಷ್ಟು ತಗದು ಮತ್ತ ಕಳಸ್ರಿ."

ಓದಿ ಮೊದಲು ನಾಚಿಕೆಯಾಯಿತು. ಯಾವುದಕ್ಕೆ ಜೀವಮಾನವಿಡೀ ಹಲ್ಲು ಕಡಿದಿದ್ದೆನೋ ಅದನ್ನೇ ಮಾಡಿದ್ದೆ, ಅದೂ ಬಾಯಿ ಸರಿಯಿದ್ದವರಿಗೆ. ಆಮೇಲೆ ಸಿಟ್ಟು ಬಂತು. ಅಕ್ಕಾರ ಮೇಲಲ್ಲ. ಇಂಥದೊಂದು ನಿಯಮ ಜಗತ್ತಿನಲ್ಲಿದೆ, ಅದನ್ನು ಜನ ಆಟಕ್ಕಾದರೂ ಪಾಲಿಸುತ್ತಾರೆ, ನನಗೆ ಇಷ್ಟು ವರ್ಷ ಯಾರೂ ಹೇಳಲಿಲ್ಲ. ಮೂರು ಪುಟ ಕಿತ್ತು ಹಾಕಿ ಒಂದೇ ಪುಟ ಕಳಿಸಿದೆ. ಅದರಲ್ಲಿದ್ದ ಒಂದೊಂದು ಅಕ್ಷರವೂ ನನ್ನದೇ.

ಹಾಗೆ ವರ್ಷ ಕಳೆಯಿತು. ನನ್ನ ಡಂಗುರದವ ಬೆಳೆದ. ಸುಂಕದವನ ಲಂಚ ಸಾರಿದ, ವ್ಯಾಪಾರಿಯ ಕಲಬೆರಕೆ ಎಣ್ಣೆಯನ್ನು ಸಾರಿದ, ಎರಡು ಸಲ ಒದೆ ತಿಂದ. ವ್ಯಾಪಾರಿಯ ಪಾತ್ರ ಆಡುವವರು ಬೆಳಗಾವಿಯವರು, ಒಳ್ಳೆಯ ಮನುಷ್ಯರು. ಒಂದು ಸಲ ಅವರು ಎಲ್ಲರಿಗೂ ಬರೆದರು: "ಈ ಡಂಗುರದವ ಭಾಳ ಬಾಯಿಬಡಕ ಅದಾನ್ರಿ, ಯಾರರೆ ಬಾಯಿ ಮುಚ್ಚಸ್ರಿ." ಬಾಯಿಬಡಕ. ನನಗೆ ಆ ಪದ ಹತ್ತುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೆಂಡತಿಗೆ ತೋರಿಸಿದೆ. ಅವಳು ಲಟ್ಟಣಿಗೆ ಕೆಳಗಿಟ್ಟು ನಕ್ಕಳು, "ಇದಕ್ಕ ಫ್ರೇಮ್ ಹಾಕ್ಸಿ ಗ್ವಾಡಿಗೆ ಹಾಕ್ರಿ" ಅಂದಳು.

ಇಷ್ಟರಲ್ಲಿ ಬೆಳಗಾವಿಯವರೇ ಹೊಸ ಸೂಚನೆ ತಂದರು. ಪತ್ರದಲ್ಲಿ ಆಡಿದರೆ ಒಂದು ಬಾಗಿಲು ತೆಗೆಯಲು ಎರಡು ವಾರ ಬೇಕು, ರವಿವಾರ ಮುಂಜಾನೆ ಎಲ್ಲರೂ ವಿಡಿಯೊ ಕರೆಯಲ್ಲಿ ಕೂತು ಬಾಯಿಂದಲೇ ಆಡೋಣ. ಉಳಿದವರೆಲ್ಲ ಒಪ್ಪಿದರು. ಅಕ್ಕಾರೂ "ಒಂದು ಸಲ ನೋಡೋಣ" ಅಂದರು.

ನನ್ನ ಉಗ್ಗಿನ ವಿಷಯ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆ ಡ್ರಾಯಿಂಗ್ ಹುಡುಗಿಯ ಹೊರತು. ಅವಳು ಸ್ಟೋರಿಗೆ ಬಂದು ಮೆಲ್ಲಗೆ ಕೇಳಿದಳು, "ನಾ ಹೇಳ್ಲೇನ್ರಿ ಅಣ್ಣಾರ ಅವರಿಗೆ?" ಬೇಡವೆಂದು ತಲೆ ಅಲ್ಲಾಡಿಸಿದೆ. ಮನೆಯಲ್ಲಿ ಹೆಂಡತಿಯೂ ಅದನ್ನೇ ಅಂದಳು: "ಖರೇ ಹೇಳಿಬಿಡ್ರಿ. ತಿಳಿದ ಮಂದಿ ಅದಾರ, ಸಂಭಾಳಿಸಿಕೋತಾರ." ಸಂಭಾಳಿಸಿಕೊಳ್ಳುತ್ತಾರೆ, ನನಗೆ ಗೊತ್ತು. ಇಷ್ಟು ವರ್ಷ ಎಲ್ಲರೂ ಸಂಭಾಳಿಸಿಕೊಂಡೇ ಬಂದಿದ್ದಾರೆ, ಸಂಭಾಳಿಸಿ ಸಂಭಾಳಿಸಿ ನನ್ನನ್ನು ಮೂಕನನ್ನಾಗಿ ಮಾಡಿದ್ದಾರೆ. ಕರೆಗೆ ಬರುವುದಿಲ್ಲ, ಆಟವನ್ನೂ ಬಿಡುವುದಿಲ್ಲ, ನನ್ನ ಸರದಿ ಪತ್ರದಲ್ಲೇ ಬರುತ್ತದೆ ಎಂದು ಖಡಕ್ಕಾಗಿ ಬರೆದು ಕಳಿಸಿದೆ.

ಆಗ ಆಟ ಬಂದು ನಿಂತ ಜಾಗ ಹೀಗಿತ್ತು. ನದಿ ಏರುತ್ತಿದೆ. ಹೊತ್ತು ಮುಳುಗುವುದರೊಳಗೆ ಕೋಟೆಯ ಬಾಗಿಲು ಮುಚ್ಚಬೇಕು, ಹೊರಕೇರಿಯವರನ್ನು ಒಳಗೆ ಬಿಡಬಾರದು, ಹಾಗಂತ ಡಂಗುರ ಸಾರು ಎಂದು ಕೋಟೆಯ ಒಡೆಯ ಆಜ್ಞೆ ಮಾಡಿದ್ದಾನೆ. ಆ ಆಜ್ಞೆ ಸಾರಬೇಕಾದವನು ನನ್ನವನು. ಅವನು ಅದನ್ನು ಸಾರುವವನಲ್ಲ ಎಂದು ನಾನು ಬುಧವಾರವೇ ನಿರ್ಧರಿಸಿದ್ದೆ, ಯಾರಿಗೂ ಹೇಳಿರಲಿಲ್ಲ.

ಬೆಳಗಾವಿಯವರ ಉತ್ತರ ಬಂತು. "ಸರ, ನೀವು ಏನೂ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಡಂಗುರದವನ ಮಾತು ಅವತ್ತ ನಾನ ಆಡ್ತೇನಿ. ಇದ್ದದ್ದ ಎರಡ ಸಾಲು. ಬಾಗಿಲಾ ಮುಚ್ಚೇತಿ ಅಂತ ಸಾರಿದ್ರ ಮುಗೀತು."

ನನ್ನ ಮೈಯೆಲ್ಲ ಉರಿಯಿತು. ಅಕ್ಕಾರಿಗೆ ಒಂದೇ ಸಾಲು ಬರೆದೆ, 'ನಿಮ್ಮ ನಿಯಮ ಎಲ್ಲಿ ಹೋಯಿತು?' ಎಂದು. ಅವರು ಬರೆದರು: "ನಿಯಮ ಅಲ್ಲೇ ಅದರಿ. ಆದರ ಎದುರಿಗೆ ಕೂತವರ ಬಾಯಿ ಅಷ್ಟ ನಾ ಕಾಯಬಲ್ಲೆ. ನೀವು ಬಂದು ಕೂಡ್ರಿ."

ಬಂದು ಕೂತೆ. ರವಿವಾರ ಹತ್ತು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ನೀರಿನ ತಂಬಿಗೆ ಇಟ್ಟುಕೊಂಡು. ವರ್ಷದಿಂದ ಪತ್ರದಲ್ಲಷ್ಟೇ ಬಲ್ಲ ಜನರ ಮುಖಗಳನ್ನು ಅವತ್ತೇ ಮೊದಲು ನೋಡಿದ್ದು. ಅಕ್ಕಾರು ಬೆಳ್ಳಿಗೂದಲಿನವರು, ಕನ್ನಡಕ ಮೂಗಿನ ತುದಿಗೆ. ಬೆಳಗಾವಿಯವರು ಕೈಮುಗಿದು "ಬಂದ್ರೆಲಾ, ಭಾಳ ಛಲೋ ಆತು" ಅಂದರು. ಅಕ್ಕಾರು ಏರುವ ನದಿಯನ್ನು, ಬಾಗಿಲ ಹೊರಗೆ ಗಂಟುಮೂಟೆ ಹೊತ್ತು ನಿಂತ ಜನರನ್ನು ವಿವರಿಸಿದರು. "ಡಂಗುರದವರ ಸರದಿರಿ ಈಗ," ಅಂದರು.

ಬಾಯಿ ತೆಗೆದೆ. 'ಬಾ' ಅನ್ನುವುದು ತುಟಿಯ ತನಕ ಬಂದು ಕೂತಿತು. ನನ್ನ ಕಣ್ಣು ಮುಚ್ಚಿತು. ತೆರೆದಾಗ ಪರದೆಯ ಮೇಲಿನ ಮುಖಗಳಿಗೆಲ್ಲ ವಿಷಯ ತಿಳಿದಿತ್ತು. ಆ ಮುಖ ನನಗೆ ಗೊತ್ತು. ಹುಬ್ಬು ಮೇಲೇರುತ್ತದೆ, ತಲೆ ಒಂದಿಷ್ಟು ಮುಂದೆ ಬಾಗುತ್ತದೆ, ತುಟಿಯ ಮೇಲೆ ನನಗೆ ಕೊಡಲು ಒಂದು ಮಾತು ತಯಾರಾಗಿರುತ್ತದೆ.

"ಬಾಗಿಲಾ ಮುಚ್ಚೇತಿ, ಹೌದಲ್ರಿ?" ಅಂದರು ಬೆಳಗಾವಿಯವರು. ಮೆತ್ತಗೆ, ಖರೇ ಪ್ರೀತಿಯಿಂದ.

ನಾನು ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಎಲ್ಲರಿಗೂ ಜೀವ ಬಂದಂತಾಗುತ್ತಿತ್ತು. ಅಂಗೈ ಎತ್ತಿ ಪರದೆಗೆ ಅಡ್ಡ ಹಿಡಿದೆ.

"ಅ… ಅಲ್ಲ," ಅಂದೆ. ಮತ್ತೆ 'ಬಾ'ಕ್ಕೆ ಹೋಗಿ ನಿಂತೆ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಹದಿನೆಂಟು ವರ್ಷದ ರೂಢಿ, ನನ್ನ ಜೊತೆ ಅವಳ ತುಟಿಯೂ ಅಲುಗುತ್ತಿತ್ತು. ನಾನು ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಾಗಿಲು ತೆರೆದಿದೆ ಎಂದು ಸಾರಿದೆ. ಹೊರಕೇರಿಯವರು ಒಬ್ಬರೂ ಹೊರಗುಳಿಯದಂತೆ ಒಳಗೆ ಬರಲಿ ಎಂದು ಸಾರಿದೆ. ಒಂದೊಂದು ಶಬ್ದಕ್ಕೂ ಗುಡ್ಡ ಹತ್ತಿ ಇಳಿದಷ್ಟು ದಣಿವು. ಅಂಗಿ ಬೆನ್ನಿಗೆ ಅಂಟಿತು. ಯಾರದೋ ಮನೆಯಲ್ಲಿ ತಿರುಗುತ್ತಿದ್ದ ಮಿಕ್ಸರು ನಿಂತಿತು. ಬೆಳಗಾವಿಯವರು ತಲೆ ಕೆಳಗೆ ಹಾಕಿದ್ದರು. ಸಾರಲು ಇನ್ನೂ ದನಕರುಗಳಿದ್ದವು, ನಡೆಯಲಾಗದ ಮುದುಕರಿದ್ದರು, ಯಾರು ಸಾರಿದ್ದು ಎಂದು ಒಡೆಯ ಕೇಳಿದರೆ ಹೇಳಬೇಕಾದ ನನ್ನ ಹೆಸರಿತ್ತು. ದನಕರುಗಳ ಹತ್ತಿರ ಮಾತು ಮತ್ತೆ ಕಟ್ಟಿತು, ಉಸಿರಿಗಾಗಿ ನಿಂತೆ. ಯಾರೂ ನನಗೊಂದು ಮಾತು ತಂದಿಡಲಿಲ್ಲ. ಬಹಳ ಹೊತ್ತಾದ ಮೇಲೆ ಅಕ್ಕಾರು ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಮುಗೀತೇನ್ರಿ?"

"ಇ… ಇಲ್ರಿ," ಅಂದೆ. "ಇನ್ನೂ ಐತಿ."